ಚೆಪಾಕ್ ಹೊರಟ ಮೂವರು, ಖಾಲಿ ಉಳಿದ ಒಂದು ಸಾಲು

ಬೆಂಗಳೂರು ಸಿಟಿ ಸ್ಟೇಷನ್. ಸೆಪ್ಟೆಂಬರ್ 18, 2024, ಬುಧವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಯಾಮೆರಾ ಮುಂದೆ ಸರಸರ ನಡ್ಕೊಂಡು ಹೋಗ್ತಿದಾರಲ್ಲ, ಬಿಳಿ ಷರ್ಟು, ಹೆಗಲಿಗೆ ಬಟ್ಟೆ ಚೀಲ, ಅವರು ನನ್ನ ಸೋದರಮಾವ. ವಯಸ್ಸು 67. ಹಿಂದೆ ಆಕಳಿಸ್ತಾ ಬರ್ತಿರೋದು ಅವರ ಮಗಳು. ಮೂರು ಜನ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೊರಟಿದೀವಿ. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿನ ಚೆಪಾಕ್ ಸ್ಟೇಡಿಯಂನಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಟೆಸ್ಟ್ ಶುರು.

ಟೆಸ್ಟ್ ಮ್ಯಾಚನ್ನ ಮೊದಲನೇ ಬಾಲಿಂದ ಕೂತು ನೋಡ್ಬೇಕು ಅನ್ನೋದು ನನ್ನ ತುಂಬಾ ದಿನದ ಆಸೆ. ಅದೂ ಚೆಪಾಕ್‌ನಲ್ಲಿ. ಬೆಂಗಳೂರಲ್ಲೇ ಗ್ರೌಂಡ್ ಇರುವಾಗ ಅಲ್ಲಿಗ್ಯಾಕೆ ಅಂತ ನೀವು ಕೇಳಬಹುದು. ಉತ್ತರ ಮಾವನ ಚೀಲದಲ್ಲಿದೆ. ಸ್ವಲ್ಪ ತಾಳಿ, ತೋರಿಸ್ತೀನಿ.

ರೈಲು ಕೃಷ್ಣರಾಜಪುರ ದಾಟೋಕೆ ಮುಂಚೆನೇ ವಾದ ಶುರುವಾಯ್ತು. ನಾಳೆ ಹನ್ನೊಂದು ಜನದಲ್ಲಿ ಯಾರ್ಯಾರು? ಹತ್ತು ಹೆಸರಿನ ಬಗ್ಗೆ ನಮಗೆ ಜಗಳ ಇಲ್ಲ. ಜಗಳ ಇರೋದು ಹನ್ನೊಂದನೆಯವನ ಬಗ್ಗೆ. ಅಶ್ವಿನ್, ಜಡೇಜಾ ಜೊತೆ ಮೂರನೇ ಸ್ಪಿನ್ನರ್ ಆಗಿ ಕುಲ್‌ದೀಪ್ ಆಡಬೇಕಾ, ಇಲ್ಲ ಬುಮ್ರಾ, ಸಿರಾಜ್ ಜೊತೆ ಮೂರನೇ ವೇಗಿಯಾಗಿ ಆಕಾಶ್ ದೀಪ್ ಬರಬೇಕಾ?

ನಾನು ಕುಲ್‌ದೀಪ್ ಪರ. ಚೆಪಾಕ್ ಅಂದ್ರೆ ಸ್ಪಿನ್, ಅದರಲ್ಲಿ ಕೇಳೋದೇನಿದೆ? 1988ರ ಜನವರಿಯಲ್ಲಿ ನರೇಂದ್ರ ಹಿರ್ವಾನಿ ತನ್ನ ಮೊದಲನೇ ಟೆಸ್ಟ್‌ನಲ್ಲೇ ವೆಸ್ಟ್ ಇಂಡೀಸ್‌ನ 16 ವಿಕೆಟ್ ಕಿತ್ತಿದ್ದು ಇಲ್ಲೇ. 2001ರಲ್ಲಿ ಆಸ್ಟ್ರೇಲಿಯಾ ಮೇಲೆ ಹರ್ಭಜನ್ 15 ವಿಕೆಟ್ ತಗೊಂಡು, ಕೊನೆಗೆ ಗೆಲುವಿನ ರನ್ ಕೂಡ ತಾವೇ ಹೊಡೆದಿದ್ದು ಇಲ್ಲೇ. ಅಶ್ವಿನ್‌ಗಂತೂ ಇದು ಹುಟ್ಟೂರ ಮೈದಾನ. 2021ರಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಟೆಸ್ಟ್‌ನಲ್ಲಿ ಐದು ವಿಕೆಟ್ ಗೊಂಚಲು, ಮೇಲೆ ಶತಕ ಬೇರೆ.

ಮಾವ ಇಷ್ಟನ್ನೂ ತಾಳ್ಮೆಯಿಂದ ಕೇಳಿಸ್ಕೊಂಡ್ರು. ಆಮೇಲೆ, "ನೀನು ಹೇಳಿದ್ದೆಲ್ಲ ಸರಿ ಕಣೋ. ಆದ್ರೆ ಆ ನೆಲದ ಗುಣ ಸ್ಪಿನ್ ಅಲ್ಲ, ಬೌನ್ಸು. ಪುಟಿಯೋ ನೆಲದಲ್ಲಿ ಸ್ಪಿನ್ನರೂ ಬದುಕ್ತಾನೆ, ವೇಗಿನೂ ಬದುಕ್ತಾನೆ" ಅಂದ್ರು.

ನಾಳೆ ಆಡೋದು ಕೆಂಪು ಮಣ್ಣಿನ ಪಿಚ್ ಮೇಲೆ ಅಂತ ಸುದ್ದಿ. ಕಪ್ಪು ಮಣ್ಣಲ್ಲಿ ಜಿಗುಟು ಜಾಸ್ತಿ, ನೀರು ಹಿಡ್ಕೊಳ್ಳುತ್ತೆ, ಬಾಲು ನಿಧಾನ ಆಗಿ ತಗ್ಗಿ ಬರುತ್ತೆ. ಕೆಂಪು ಮಣ್ಣು ಹಾಗಲ್ಲ. ಬೇಗ ಒಣಗುತ್ತೆ, ಗಟ್ಟಿಯಾಗುತ್ತೆ, ಮೊದಲ ಎರಡು ದಿನ ಚೆನ್ನಾಗಿ ಪುಟಿಸುತ್ತೆ. ಒಡೆಯೋಕೆ ಶುರುವಾದ ಮೇಲೆ ಸ್ಪಿನ್ನರ್ ಕೈಗೆ ಬರುತ್ತೆ. ಆ ಎರಡು ದಿನ ಯಾರು ನೋಡ್ಕೊಳ್ತಾರೆ ಅನ್ನೋದು ಮಾವನ ಪ್ರಶ್ನೆ. ಬಾಂಗ್ಲಾದೇಶವನ್ನೂ ಹಗುರವಾಗಿ ತಗೋಬೇಡಿ ಅಂತಾರೆ. ಈ ತಿಂಗಳ ಮೊದಲ ವಾರ ತಾನೆ ಪಾಕಿಸ್ತಾನದಲ್ಲೇ ಪಾಕಿಸ್ತಾನವನ್ನ 2–0 ಸೋಲಿಸಿ ಬಂದಿರೋ ತಂಡ. ರಾವಲ್ಪಿಂಡಿಯ ಎರಡನೇ ಟೆಸ್ಟ್‌ನಲ್ಲಿ, ಎರಡನೇ ಇನಿಂಗ್ಸ್‌ನ ಹತ್ತೂ ವಿಕೆಟ್ ಅವರ ವೇಗಿಗಳೇ ತಗೊಂಡ್ರು. ಹಸನ್ ಮಹಮೂದ್ ಐದು, ನಹೀದ್ ರಾಣಾ ನಾಲ್ಕು, ತಸ್ಕಿನ್ ಒಂದು. ಪುಟಿಯೋ ಪಿಚ್ ಸಿಕ್ಕಿದ್ರೆ ಆ ಹುಡುಗರೂ ಸುಮ್ನೆ ಬಿಡಲ್ಲ.

ಮಾವನ ಮಗಳಿಗೆ ಇದ್ಯಾವುದೂ ಬೇಡ. ಅವಳು ಬಂದಿರೋದು ರಿಷಭ್ ಪಂತ್‌ಗೋಸ್ಕರ. 2022ರ ಡಿಸೆಂಬರ್ 30ರ ಆ ಕಾರ್ ಅಪಘಾತ ಆದ ಮೇಲೆ ಪಂತ್ ಬಿಳಿ ಬಟ್ಟೆ ಹಾಕಿ ಟೆಸ್ಟ್‌ಗೆ ಇಳೀತಿರೋದು ನಾಳೆನೇ ಮೊದಲು. "ಅವರು ಮೆಟ್ಟಿಲಿಳಿದು ಬರೋದನ್ನ ನೋಡಿದ್ರೆ ಸಾಕು, ಸೊನ್ನೆಗೆ ಔಟಾದ್ರೂ ಪರವಾಗಿಲ್ಲ" ಅಂದ್ಲು. ಈ ಮಾತಿಗೆ ಮಾವನೂ ತಲೆ ಆಡಿಸಿದ್ರು.

ಬಂಗಾರಪೇಟೆ ದಾಟ್ತು. ಈಗ ಚೀಲದಿಂದ ಹೊರಗೆ ಬಂತು ನೋಡಿ.

ಇದೊಂದು ನೋಟ್‌ಬುಕ್. ರಟ್ಟು ಕಿತ್ತು ಹೋಗಿದೆ, ದಾರ ಹಾಕಿ ಹೊಲಿದಿದಾರೆ. ಹಾಳೆ ಎಲ್ಲ ಕಂದು ಬಣ್ಣಕ್ಕೆ ತಿರುಗಿದೆ. ಹತ್ತಿರದಿಂದ ತೋರಿಸ್ತೀನಿ. ಮೇಲೆ ಬರೆದಿದೆ: ಮದ್ರಾಸ್, 11 ಜನವರಿ 1975. ಸಂಕ್ರಾಂತಿ ವಾರ. ಮಾವ ಆಗ ಮೈಸೂರಲ್ಲಿ ಪಿಯುಸಿ ಓದ್ತಿದ್ದ ಹುಡುಗ. ಹಾಸ್ಟೆಲ್‌ನಲ್ಲಿ ಒಂದೇ ಟ್ರಾನ್ಸಿಸ್ಟರ್, ಅದರ ಸುತ್ತ ಹತ್ತು ಹದಿನೈದು ಜನ. ಕಾಮೆಂಟರಿ ಕೇಳ್ತಾ ಕೇಳ್ತಾ ಪೆನ್ಸಿಲಲ್ಲಿ ಸ್ಕೋರ್ ಬರೆಯೋದು ಮಾವನ ಕೆಲಸ.

ಎದುರಾಳಿ ಕ್ಲೈವ್ ಲಾಯ್ಡ್ ಅವರ ವೆಸ್ಟ್ ಇಂಡೀಸ್. ಅವರ ವೇಗಿ ಆ್ಯಂಡಿ ರಾಬರ್ಟ್ಸ್ ಬೆಂಕಿ ಉಗುಳ್ತಿದಾರೆ. ಭಾರತ 117 ರನ್ನಿಗೆ 8 ವಿಕೆಟ್. ಕ್ರೀಸ್‌ನಲ್ಲಿ ನಮ್ಮ ಗುಂಡಪ್ಪ ವಿಶ್ವನಾಥ್, ನಮ್ಮೆಲ್ಲರ ವಿಶಿ. ಮಾವನ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಪುಟ್ಟ ಪುಟ್ಟ ಅಂಕಿಗಳು, ಬೇಗ ಮುಗಿದು ಹೋಗ್ತವೆ. ವಿಶಿ ಸಾಲು ಮಾತ್ರ ಅಂಚಿನವರೆಗೂ ಹೋಗಿ, ಜಾಗ ಸಾಲದೆ ಕೆಳಗೆ ಬಾಗಿದೆ. ಬೇಡಿ ಜೊತೆ 52 ಸೇರಿಸಿದ್ರು. ಆಮೇಲೆ ಬಂದಿದ್ದು ಕೊನೆಯವರು, ಚಂದ್ರಶೇಖರ್. ಚಂದ್ರ ಬೌಲಿಂಗಲ್ಲಿ ಹುಲಿ, ಆದ್ರೆ ಬ್ಯಾಟ್ ಹಿಡಿದ್ರೆ ನಿಲ್ಲೋದೇ ಕಷ್ಟ ಅಂತ ಇಡೀ ಕರ್ನಾಟಕಕ್ಕೆ ಗೊತ್ತು. ಆದ್ರೂ ಚಂದ್ರ ನಿಂತ್ಕೊಂಡ್ರು, ಇಬ್ಬರೂ ಸೇರಿ 21 ರನ್ ಜೋಡಿಸಿದ್ರು. ವಿಶಿ 97ಕ್ಕೆ ಬಂದ್ರು. ಅಷ್ಟೇ. ಚಂದ್ರ ಔಟ್. ಭಾರತ 190ಕ್ಕೆ ಆಲೌಟ್. ರಾಬರ್ಟ್ಸ್‌ಗೆ 64 ರನ್ನಿಗೆ 7 ವಿಕೆಟ್. ವಿಶಿ ಔಟಾಗದೆ 97.

ಆ 97ನ್ನ ನೋಡಿ. ಪೆನ್ಸಿಲ್ ಎಷ್ಟು ಒತ್ತಿದೆ ಅಂದ್ರೆ ಹಾಳೆ ಹಿಂದಕ್ಕೂ ಅಚ್ಚು ಮೂಡಿದೆ. ಬೆರಳಾಡಿಸಿದ್ರೆ ಇವತ್ತಿಗೂ ಸಿಗುತ್ತೆ.

"ಮೂರು ರನ್ನಿಗೆ ನಾವೆಲ್ಲ ಅತ್ತಿದ್ವಿ. ಆದ್ರೆ ಆ ಮೇಲೆ ಗೊತ್ತಾಯ್ತು, ಅದು ನೂರಕ್ಕಿಂತ ದೊಡ್ಡದು ಅಂತ," ಅಂತಾರೆ ಮಾವ. ಮ್ಯಾಚ್‌ನಲ್ಲಿ ನಮ್ಮ ಇನ್ನೊಬ್ಬರು, ಪ್ರಸನ್ನ, 9 ವಿಕೆಟ್ ತಗೊಂಡ್ರು. ಭಾರತ ಗೆದ್ದಿದ್ದು ನೂರು ರನ್ನಿಂದ. ಸರಣಿ ಆಗ 2–2 ಸಮ ಆಯ್ತು. ರಾಬರ್ಟ್ಸ್ ಎರಡೂ ಇನಿಂಗ್ಸ್ ಸೇರಿ 12 ವಿಕೆಟ್ ತಗೊಂಡಿದ್ರು. ಅದನ್ನ ತೋರಿಸ್ತಾ ಮಾವ ನನ್ನ ಕಡೆ ತಿರುಗಿ ಕೇಳಿದ್ರು: "ಈಗ ಹೇಳು. ಸ್ಪಿನ್ನರ್‌ಗಳ ನೆಲನಾ ಇದು?"

ನಾನೇನು ಹೇಳ್ಲಿ? ಮುಂದಿನ ಪುಟದಲ್ಲೂ ಅವರಿಗೆ ಸಾಕ್ಷಿ ಇದೆ. 1979ರ ಜನವರಿ, ಮತ್ತೆ ವೆಸ್ಟ್ ಇಂಡೀಸ್, ಮತ್ತೆ ಬಾಲು ಮೂಗಿನ ಮಟ್ಟಕ್ಕೆ ಏಳೋ ಪಿಚ್. ಭಾರತದ 255ರಲ್ಲಿ ವಿಶಿ ಒಬ್ಬರದೇ 124. ಮೂರು ವಿಕೆಟ್‌ನಿಂದ ಗೆದ್ವಿ. ಆಮೇಲೆ 1982ರಲ್ಲಿ ಇಂಗ್ಲೆಂಡ್ ವಿರುದ್ಧ 222. ಯಶ್‌ಪಾಲ್ ಶರ್ಮಾ ಜೊತೆ ಎರಡನೇ ದಿನ ಪೂರ್ತಿ ಒಂದೂ ವಿಕೆಟ್ ಬೀಳದ ಹಾಗೆ ಆಡಿದ್ರು. ಭದ್ರಾವತಿಯಲ್ಲಿ ಹುಟ್ಟಿದ ಆ ಪುಟ್ಟ ಮನುಷ್ಯನಿಗೆ ಚೆಪಾಕ್ ತವರು ಮನೆ ಇದ್ದ ಹಾಗೆ ಇತ್ತು.

ಜೋಲಾರ್‌ಪೇಟೆ, ಕಾಟ್ಪಾಡಿ ಹೋಗಿದ್ದೇ ತಿಳಿಯಲಿಲ್ಲ. ಕಾಟ್ಪಾಡಿ ದಾಟಿದ ಮೇಲೆ ನನ್ನ ಸರದಿ.

ನನ್ನ ಚೆಪಾಕ್ 1999ರದು. ಜನವರಿ 31, ಭಾನುವಾರ. ನನಗೆ ಹನ್ನೊಂದು ವರ್ಷ. ಎದುರಿಗೆ ಪಾಕಿಸ್ತಾನ, ಗೆಲ್ಲೋಕೆ 271 ಬೇಕು. ಅದಕ್ಕೆ ಮುಂಚೆ ವೆಂಕಟೇಶ್ ಪ್ರಸಾದ್ ಒಂದೂ ರನ್ ಕೊಡದೆ ಐದು ವಿಕೆಟ್ ಎಗರಿಸಿ, 275ಕ್ಕೆ 4 ಇದ್ದ ಪಾಕಿಸ್ತಾನವನ್ನ 286ಕ್ಕೆ ಕಟ್ಟಿ ಹಾಕಿದ್ರು. ಒಟ್ಟು 33 ರನ್ನಿಗೆ 6 ವಿಕೆಟ್. ಅದೂ ವೇಗದ ಬೌಲರೇ ಅಂತ ಮಾವ ನೆನಪಿಸಿದ್ರು, ಇರಲಿ.

ಭಾರತ 82ಕ್ಕೆ 5. ಸಚಿನ್ ಬೆನ್ನು ನೋವಲ್ಲಿ ನರಳ್ತಾ ಆಡಿದ್ರು. ಮೋಂಗಿಯಾ ಜೊತೆ 136 ರನ್ ಜೊತೆಯಾಟ, ಸಚಿನ್ ಒಬ್ಬರದೂ 136. ಇನ್ನು 17 ರನ್ ಬೇಕು ಅನ್ನುವಾಗ ಸಕ್ಲೇನ್ ಬಾಲಿಗೆ ಎತ್ತಿ ಹೊಡೆದು ಕ್ಯಾಚ್ ಕೊಟ್ರು. ಎಲ್ಲರೂ ಆ ಕತೆಯನ್ನ ಅಲ್ಲಿಗೇ ನಿಲ್ಲಿಸ್ತಾರೆ. ನಮ್ಮ ಮನೆಯಲ್ಲಿ ಕತೆ ಶುರುವಾಗಿದ್ದೇ ಅಲ್ಲಿಂದ. ಯಾಕಂದ್ರೆ ಇನ್ನು ಉಳಿದಿದ್ದವರು ಯಾರು ಹೇಳಿ? ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್. ಗದಗ, ಬೆಂಗಳೂರು, ಮೈಸೂರು. ನಾಲ್ಕೂ ಜನ ಕನ್ನಡದವರು. ನಾಲ್ಕು ಜನ ಸೇರಿ 17 ರನ್ ಹೊಡೆದ್ರೆ ಸಾಕಿತ್ತು.

ಬಂದಿದ್ದು ನಾಲ್ಕೇ ನಾಲ್ಕು ರನ್. ಕೊನೆಗೆ ಶ್ರೀನಾಥ್ ತಡೆದ ಬಾಲು ನೆಲಕ್ಕೆ ಬಿದ್ದು, ತಿರುಗಿ, ಸ್ಟಂಪ್ ಕಡೆ ಉರುಳ್ತು. 258ಕ್ಕೆ ಆಲೌಟ್. 12 ರನ್ನಿಂದ ಸೋತ್ವಿ. ಟಿವಿ ಮುಂದೆ ನಾನು ಮುಖ ಮುಚ್ಕೊಂಡು ಕೂತಿದ್ದೆ. ಅಷ್ಟರಲ್ಲಿ ಅಮ್ಮ, "ಏ, ನೋಡೋ ಇಲ್ಲಿ" ಅಂದ್ರು. ಚೆಪಾಕ್ ಜನ ಎದ್ದು ನಿಂತಿದ್ರು. ಚಪ್ಪಾಳೆ ಹೊಡೀತಿದ್ರು. ಗೆದ್ದ ಪಾಕಿಸ್ತಾನದ ಆಟಗಾರರು ಮೈದಾನ ಸುತ್ತು ಹಾಕ್ತಿದ್ರು, ಇಡೀ ಸ್ಟೇಡಿಯಂ ಅವರಿಗೆ ಚಪ್ಪಾಳೆ ಹೊಡೀತಿತ್ತು. ಆ ಜನರ ನಡುವೆ ಒಂದು ಸಲ ಕೂರಬೇಕು ಅನ್ನೋ ಆಸೆ ಹುಟ್ಟಿದ್ದು ಅವತ್ತೇ. ಅದು ಈಡೇರೋಕೆ ಇಪ್ಪತ್ತೈದು ವರ್ಷ ಹಿಡೀತು.

ಮಧ್ಯಾಹ್ನ ಚೆನ್ನೈ ಸೆಂಟ್ರಲ್. ಬಿಸಿಲು ಸುಡ್ತಿದೆ. ಬ್ಯಾಗ್ ರೂಮಲ್ಲಿಟ್ಟು, ಊಟ ಮಾಡಿ, ಸಂಜೆ ಮೆಟ್ರೋದಲ್ಲಿ ಗವರ್ನಮೆಂಟ್ ಎಸ್ಟೇಟ್ ಸ್ಟೇಷನ್ನಿಗೆ ಬಂದು ಇಳಿದ್ವಿ. ಅಲ್ಲಿಂದ ವಾಲಾಜಾ ರಸ್ತೆ ಹಿಡಿದು ನಡಿಗೆ. ಸಮುದ್ರದ ಕಡೆಯಿಂದ ಗಾಳಿ ಬರ್ತಿದೆ, ನನ್ನ ಮೈಕ್‌ನಲ್ಲಿ ಸುಂಯ್ ಅಂತ ಕೇಳ್ತಿರೋದು ಅದೇ. ಅದನ್ನ ತೆಗೆಯೋಕೆ ಮನಸ್ಸಾಗಲಿಲ್ಲ, ಹಾಗೇ ಬಿಟ್ಟಿದೀನಿ. ಮರೀನಾ ಇಲ್ಲಿಂದ ಹತ್ತೇ ಹೆಜ್ಜೆ ಅನ್ನೋ ಹಾಗಿದೆ.

ಇದೇ ಗೋಡೆ. ಇದರ ಒಳಗೆ 1934ರ ಫೆಬ್ರವರಿಯಲ್ಲಿ ಜಾರ್ಡಿನ್ ಅವರ ಇಂಗ್ಲೆಂಡ್ ಮೊದಲನೇ ಸಲ ಟೆಸ್ಟ್ ಆಡ್ತು. ಅದೇ ವರ್ಷ ನವೆಂಬರ್ 4ಕ್ಕೆ ರಣಜಿ ಟ್ರೋಫಿಯ ಚರಿತ್ರೆಯಲ್ಲೇ ಮೊಟ್ಟಮೊದಲ ಪಂದ್ಯ. ಆಡಿದ್ದು ಮದ್ರಾಸ್ ಮತ್ತು ನಮ್ಮ ಮೈಸೂರು. ನಾವು ಎರಡು ಇನಿಂಗ್ಸ್‌ನಲ್ಲಿ 48 ಮತ್ತು 59ಕ್ಕೆ ಆಲೌಟ್. ಒಂದೇ ದಿನದಲ್ಲಿ ಮುಗೀತು, ಎ.ಜಿ. ರಾಮ್ ಸಿಂಗ್ 11 ವಿಕೆಟ್ ತಗೊಂಡ್ರು. 1952ರ ಫೆಬ್ರವರಿ 10ಕ್ಕೆ ಭಾರತ ತನ್ನ ಮೊದಲ ಟೆಸ್ಟ್ ಗೆಲುವು ಕಂಡಿದ್ದೂ ಇಲ್ಲೇ, ವಿನೂ ಮಂಕಡ್ 12 ವಿಕೆಟ್. 1986ರಲ್ಲಿ ಆಸ್ಟ್ರೇಲಿಯಾ ಜೊತೆ ಟೈ ಆಗಿದ್ದೂ ಇಲ್ಲೇ. ಸ್ಕೋರ್ ಸಮ, ಒಂದು ರನ್ ಬೇಕು, ಆ ತುದಿಯಲ್ಲಿ ಶಾಸ್ತ್ರಿ 48. ಈ ತುದಿಯಲ್ಲಿ ಮಣಿಂದರ್ ಎಲ್‌ಬಿಡಬ್ಲ್ಯೂ. ಬಾಕಿ ಉಳಿದಿದ್ದು ಒಂದೇ ಬಾಲು.

ಗೇಟ್ ಹತ್ತಿರ ನಮ್ಮ ಹಾಗೇ ಸುಮ್ನೆ ನೋಡೋಕೆ ಬಂದವರು ಬೇಕಾದಷ್ಟು ಜನ. ಒಬ್ಬ ತಮಿಳು ಹಿರಿಯರು ಮಾವನ ಕೈಯಲ್ಲಿದ್ದ ನೋಟ್‌ಬುಕ್ ಕಂಡು ಮಾತಿಗೆ ನಿಂತ್ರು. ಮಾವನಿಗೆ ತಮಿಳು ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಇಲ್ಲ. ಆ ಹಾಳೆ ತೆಗೆದು ತೋರಿಸಿದ ತಕ್ಷಣ ಅವರು "ವಿಶ್ವನಾಥ್! ಸ್ಕ್ವೇರ್ ಕಟ್!" ಅಂದು, ರಸ್ತೆಯಲ್ಲೇ ಮೊಣಕೈ ಮಡಚಿ ಆ ಕಟ್ ಹೊಡೆದು ತೋರಿಸಿದ್ರು. ಅವತ್ತು ಅವರು ಒಳಗಿದ್ದರಂತೆ. ಮಾವ ಕೇಳಿದ್ದನ್ನ ಅವರು ಕಣ್ಣಾರೆ ಕಂಡಿದ್ರು. ಮಾವ ಅವರ ಕೈ ಹಿಡ್ಕೊಂಡವರು ತುಂಬಾ ಹೊತ್ತು ಬಿಡಲೇ ಇಲ್ಲ. ಆ ಶಾಟ್ ನಾನು ತೆಗೆದಿಲ್ಲ. ಕ್ಯಾಮೆರಾ ಎತ್ತೋದು ಸರಿ ಅನ್ನಿಸಲಿಲ್ಲ.

ಬರ್ತಾ ದಾರಿಯಲ್ಲಿ ಮಾತು ರಾಹುಲ್ ಕಡೆ ತಿರುಗಿತು. 2016ರ ಡಿಸೆಂಬರ್ ನೆನಪಿದೆಯಲ್ಲ? ವಾರ್ದಾ ಚಂಡಮಾರುತ ಊರನ್ನೇ ಅಲ್ಲಾಡಿಸಿ ನಾಲ್ಕು ದಿನ ಆಗಿತ್ತು. ಕೆಂಡ ಇಟ್ಟು ಪಿಚ್ ಒಣಗಿಸಿ ಮ್ಯಾಚ್ ಆಡಿಸಿದ್ರು. ಕೆ.ಎಲ್. ರಾಹುಲ್ 199ಕ್ಕೆ ಔಟ್. ಒಂದು ರನ್. ಮೊಣಕಾಲೂರಿ ಕೂತುಬಿಟ್ರು ಪಾಪ. ಅದೇ ಇನಿಂಗ್ಸ್‌ನಲ್ಲಿ ಕರುಣ್ ನಾಯರ್ ಔಟಾಗದೆ 303, ತಮ್ಮ ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕ ಮಾಡಿದ್ರು. ವಿಶಿಗೆ ಮೂರು, ರಾಹುಲ್‌ಗೆ ಒಂದು. ಈ ನೆಲ ನಮ್ಮವರಿಗೆ ಇನ್ನೂ ನಾಲ್ಕು ರನ್ ಬಾಕಿ ಇಟ್ಕೊಂಡಿದೆ. ನಾಳೆ ರಾಹುಲ್ ಆಡಿದ್ರೆ ನನಗೆ ಬೇಕಿರೋದು ಅಷ್ಟೇ, ಆ ಬಾಕಿ ತೀರಲಿ.

ರಾತ್ರಿ ಒಂಬತ್ತು. ರೂಮು. ಮಾವ ಹೊಸ ನೋಟ್‌ಬುಕ್ ತೆಗೆದು, ಸ್ಕೇಲ್ ಇಟ್ಟು ಗೆರೆ ಎಳೀತಿದಾರೆ. ಮೇಲೆ: ಚೆನ್ನೈ, 19 ಸೆಪ್ಟೆಂಬರ್ 2024. ಕೆಳಗೆ ಒಂದೊಂದೇ ಹೆಸರು. ರೋಹಿತ್, ಜೈಸ್ವಾಲ್, ಗಿಲ್, ಕೊಹ್ಲಿ, ಪಂತ್, ರಾಹುಲ್, ಜಡೇಜಾ, ಅಶ್ವಿನ್, ಬುಮ್ರಾ, ಸಿರಾಜ್. ಹತ್ತಾಯ್ತು. ಹನ್ನೊಂದನೇ ಸಾಲಿಗೆ ಬಂದು ಪೆನ್ಸಿಲ್ ನಿಂತಿತು. ನನ್ನ ಮುಖ ನೋಡಿದ್ರು. ನಾನು "ಕುಲ್‌ದೀಪ್" ಅಂದೆ. ಅವರು ನಕ್ಕು, ಆ ಸಾಲು ಖಾಲಿ ಬಿಟ್ಟು, ಪೆನ್ಸಿಲ್ಲನ್ನ ಪುಸ್ತಕದ ಮಧ್ಯ ಇಟ್ಟು ಮುಚ್ಚಿದ್ರು.

"ಒಂಬತ್ತು ಗಂಟೆಗೆ ಟಾಸ್. ಏಳೂವರೆಗೆಲ್ಲ ಗೇಟ್ ಹತ್ತಿರ ಇರಬೇಕು. ಮಲ್ಕೊಳ್ರೋ."