ಅಗಲವಾದ ಪರದೆ, ದೊಡ್ಡ ಫಿಲ್ಮು

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಗೋಡೆಗಳ ಮೇಲಿನ ಪೋಸ್ಟರುಗಳಲ್ಲಿ ಒಂದು ಕಾಲಕ್ಕೆ ‘ಸಿನಿಮಾಸ್ಕೋಪ್’, ‘70 ಎಂ.ಎಂ.’ ಎಂಬ ಅಕ್ಷರಗಳು ನಾಯಕನ ಹೆಸರಿಗೆ ಪೈಪೋಟಿ ಕೊಡುತ್ತಿದ್ದವು. ಹತ್ತಿ ಗಿರಣಿಯ ಪಾಳಿ ಮುಗಿಸಿದವರು, ಜಗಳೂರು, ಹರಪನಹಳ್ಳಿ ಕಡೆಯಿಂದ ಪೇಟೆಗೆ ಬಂದವರು ಅದನ್ನು ನೋಡಿಯೇ ಟಿಕೆಟ್ ಸಾಲಿಗೆ ನಿಲ್ಲುತ್ತಿದ್ದರು.

ಇದರ ಮೂಲ ಅಮೆರಿಕದಲ್ಲಿದೆ. ಟಿ.ವಿ. ಮನೆಮನೆಗೆ ಬಂದು ಥಿಯೇಟರುಗಳು ಬಿಕೋ ಎನ್ನತೊಡಗಿದಾಗ, ಮನೆಯಲ್ಲಿ ಸಿಗದ್ದನ್ನು ತೋರಿಸಲೇಬೇಕಾಯಿತು. 1952ರಲ್ಲಿ ಸಿನೆರಮಾ ಬಂತು: ಬಾಗಿದ ಪರದೆ, ಒಟ್ಟಿಗೆ ಓಡುವ ಮೂರು ಪ್ರೊಜೆಕ್ಟರು. ಸೊಗಸೇನೋ ಸೊಗಸು, ಆದರೆ ಖರ್ಚು ವಿಪರೀತ, ಚಿತ್ರಗಳು ಕೂಡುವ ಕಡೆ ಗೆರೆ ಬೇರೆ. ಮರುವರ್ಷ ಬಂದ ಸಿನಿಮಾಸ್ಕೋಪ್ ಜಾಣತನದ್ದು. ಕ್ಯಾಮೆರಾದ ಲೆನ್ಸು ದೃಶ್ಯವನ್ನು ಅಡ್ಡಡ್ಡ ಹಿಂಡಿ ಮಾಮೂಲಿ 35 ಎಂ.ಎಂ., ಅಂದರೆ 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲೇ ಕೂರಿಸುತ್ತದೆ, ಪ್ರೊಜೆಕ್ಟರಿನ ಲೆನ್ಸು ಅದನ್ನು ಮತ್ತೆ ಹರಡುತ್ತದೆ. ಹಳೆಯ ಯಂತ್ರಕ್ಕೆ ಹೊಸ ಲೆನ್ಸು, ಎದುರಿಗೆ ಅಗಲವಾದ ಪರದೆ. ಜಿಲ್ಲಾ ಕೇಂದ್ರದ ಟಾಕೀಸಿಗೂ ಎಟುಕುವ ಮಾತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ತೆರೆಗೆ ಬಂದದ್ದು 1977ರಲ್ಲಿ.

70 ಎಂ.ಎಂ. ಹಾಗಲ್ಲ. 1955ರಲ್ಲಿ ಟಾಡ್-ಎಓ ಪದ್ಧತಿಯಿಂದ ಚಾಲ್ತಿಗೆ ಬಂದ ಇದರಲ್ಲಿ ಫಿಲ್ಮೇ ದೊಡ್ಡದು. ಚೌಕಟ್ಟಿನ ವಿಸ್ತೀರ್ಣ 35 ಎಂ.ಎಂ.ನ ಸುಮಾರು ಮೂರು ಪಟ್ಟು. ಅಷ್ಟು ಹೆಚ್ಚು ಬೆಳಕು ಹಾಯುತ್ತದೆ, ಚಿತ್ರ ಸ್ಥಿರವಾಗಿ ನಿಲ್ಲುತ್ತದೆ, ದೂರದ ಬಂಡೆಯ ಬಿರುಕೂ ಕಾಣುತ್ತದೆ. ಅಂಚಿನಲ್ಲಿ ಬಳಿದ ಕಾಂತೀಯ ಪಟ್ಟಿಗಳಲ್ಲಿ ಆರು ಧ್ವನಿ ಜಾಡು.

ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’ 1975ರಲ್ಲಿ 70 ಎಂ.ಎಂ. ಆಗಿ ಬಂತು. ಅದನ್ನು ಚಿತ್ರೀಕರಿಸಿದ್ದು 35 ಎಂ.ಎಂ.ನಲ್ಲಿ, ಆಮೇಲೆ ಹಿಗ್ಗಿಸಿದರು. ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ಹಾಗಾದರೆ ಜನ ಮರುಳಾದದ್ದು ಯಾತಕ್ಕೆ? ಶಬ್ದಕ್ಕೆ, ಎನ್ನುತ್ತೇನೆ ನಾನು. ಎಸೆದ ನಾಣ್ಯ ಬಿದ್ದ ದಿಕ್ಕು ಕಿವಿಗೆ ತಿಳಿಯುತ್ತಿತ್ತು.

ಅವನತಿಯ ಬೀಜವೂ ಅಲ್ಲೇ ಇತ್ತು. ಪ್ರತಿ ಪ್ರಿಂಟಿಗೂ ಕಾಂತೀಯ ಲೇಪ ಬಳಿದು ಧ್ವನಿಯನ್ನು ಬೇರೆಯಾಗಿ ಮುದ್ರಿಸಬೇಕು. ಓಡಿದಷ್ಟೂ ಲೇಪ ಸವೆಯುತ್ತದೆ. 1970ರ ದಶಕದ ನಡುವೆ ಡಾಲ್ಬಿ, 1993ರಲ್ಲಿ ಡಿ.ಟಿ.ಎಸ್. ಎಂಬ ಹೊಸ ಧ್ವನಿ ಪದ್ಧತಿಗಳು ಬಂದು ಅಗ್ಗದ 35 ಎಂ.ಎಂ. ಪ್ರಿಂಟಿಗೇ ಸ್ಟೀರಿಯೋ ಸಿಕ್ಕಿದ ಮೇಲೆ ದುಬಾರಿ ಫಿಲ್ಮು ಯಾರಿಗೆ ಬೇಕು? ಆಮೇಲೆ ಮಲ್ಟಿಪ್ಲೆಕ್ಸುಗಳು ಪರದೆಯನ್ನೇ ಚಿಕ್ಕದು ಮಾಡಿದವು, ಡಿಜಿಟಲ್ ಬಂದು ಫಿಲ್ಮನ್ನೇ ತೆಗೆದುಹಾಕಿತು. ಹೊರದೇಶಗಳಲ್ಲಿ ಕೆಲವು ನಿರ್ದೇಶಕರು ಇಂದಿಗೂ ಹಟ ಹಿಡಿದು ದೊಡ್ಡ ಫಿಲ್ಮಿನಲ್ಲೇ ಚಿತ್ರೀಕರಿಸುತ್ತಿದ್ದಾರೆ, ನೋಡಲು ಜನ ದೂರದೂರುಗಳಿಂದ ಹೋಗುತ್ತಾರೆ.

ನನ್ನ ಕಳವಳ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರುಗಳದ್ದು. ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ನಡುವಿನ ಅಂತರ ಕಾಯುತ್ತ, ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಯಂತ್ರದಿಂದ ಇನ್ನೊಂದಕ್ಕೆ ರೀಲು ದಾಟಿಸುತ್ತ, ತುಂಡಾದ ಫಿಲ್ಮು ಅಂಟಿಸುತ್ತ ಆ ಬಿಸಿ ಕ್ಯಾಬಿನ್ನಿನಲ್ಲಿ ಆಯುಷ್ಯ ಸವೆಸಿದ ಹಿರಿಯರು ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಇದ್ದಾರೆ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಅವರ ಮಾತನ್ನು ಮೊಬೈಲಿನಲ್ಲಾದರೂ ಧ್ವನಿಮುದ್ರಿಸಿಡಿ. ಟಾಕೀಸಿನ ಮಾಲೀಕರಲ್ಲೂ ಒಂದು ಕೋರಿಕೆ: ಮೂಲೆಗೆ ಬಿದ್ದಿರುವ ಪ್ರೊಜೆಕ್ಟರನ್ನೂ ಸ್ಕೋಪ್ ಲೆನ್ಸನ್ನೂ ದಯವಿಟ್ಟು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ, ಊರಿನ ಯಾವುದಾದರೂ ಕಾಲೇಜಿಗೆ ಕೊಡಿ.

ನಮಸ್ಕಾರ.