ಹೇಳಿಕೆ–ಕಾರಣ ಪ್ರಶ್ನೆ: ಎರಡೂ ಸರಿಯಿದ್ದಾಗ ಉತ್ತರ ‘ಎ’ಯೋ ‘ಬಿ’ಯೋ?

[ದೃಶ್ಯ: ಮನೆಯ ಜಗಲಿ. ನೀರು ತುಂಬಿದ ದೊಡ್ಡ ಪಾತ್ರೆ, ಪಕ್ಕದಲ್ಲಿ ಸುಲಿಯದ ಒಂದು ತೆಂಗಿನಕಾಯಿ.]

ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಆರು, ಏಳು, ಎಂಟನೆಯ ತರಗತಿಗಳಲ್ಲಿ ಓದುತ್ತಿರುವ ಮಕ್ಕಳಿಗಾಗಿ, ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ಹಿರಿಯರಿಗಾಗಿ ಈ ವಿಡಿಯೋ. ಬದಿಯಡ್ಕದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಯು.ಎಸ್.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ ಅವಳ ಮಗಳು ವಿಜ್ಞಾನದ ಹತ್ತು ಹೇಳಿಕೆ–ಕಾರಣ ಪ್ರಶ್ನೆಗಳಲ್ಲಿ ಏಳಕ್ಕೆ ‘ಎ’ ಎಂದೇ ಗುರುತು ಹಾಕಿದ್ದಳು. ಅವುಗಳಲ್ಲಿ ನಾಲ್ಕು ತಪ್ಪಾಗಿದ್ದವು. “ಮಾವ, ಎರಡು ವಾಕ್ಯವೂ ಪುಸ್ತಕದಲ್ಲಿ ಇರುವುದೇ ಅಲ್ಲವೇ? ಮತ್ತೆ ಹೇಗೆ ತಪ್ಪಾಯಿತು?” ಎಂದು ಅವಳು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

[ತೆರೆಯ ಮೇಲೆ ನಾಲ್ಕು ಆಯ್ಕೆಗಳು.]

ಈ ಬಗೆಯ ಪ್ರಶ್ನೆಯಲ್ಲಿ ಒಂದು ಹೇಳಿಕೆಯನ್ನೂ ಅದರ ಕೆಳಗೆ ಒಂದು ಕಾರಣವನ್ನೂ ಕೊಟ್ಟಿರುತ್ತಾರೆ. ಎರಡೂ ಸರಿಯಾಗಿದ್ದು, ಕಾರಣವು ಹೇಳಿಕೆಯನ್ನು ವಿವರಿಸಿದರೆ ‘ಎ’. ಎರಡೂ ಸರಿಯಾಗಿದ್ದು, ಕಾರಣವು ಹೇಳಿಕೆಯನ್ನು ವಿವರಿಸದಿದ್ದರೆ ‘ಬಿ’. ಹೇಳಿಕೆ ಮಾತ್ರ ಸರಿಯಾದರೆ ‘ಸಿ’. ಕಾರಣ ಮಾತ್ರ ಸರಿಯಾದರೆ ‘ಡಿ’. ಕೆಲವು ಪ್ರಶ್ನೆಪತ್ರಿಕೆಗಳಲ್ಲಿ ಈ ಕ್ರಮ ಬದಲಾಗಿರುತ್ತದೆ, ‘ಎರಡೂ ತಪ್ಪು’ ಎಂಬ ಆಯ್ಕೆಯೂ ಇರುತ್ತದೆ. ಆದ್ದರಿಂದ ಆಯ್ಕೆಗಳನ್ನು ಪ್ರತಿಸಲವೂ ಓದಲೇಬೇಕು.

ಮೊದಲು ಕಾರಣದ ಸಾಲನ್ನು ಅಂಗೈಯಿಂದ ಮುಚ್ಚಿ ಹೇಳಿಕೆಯನ್ನಷ್ಟೇ ಓದಿ, ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಿ, ಬಳಿಕ ಹೇಳಿಕೆಯನ್ನು ಮುಚ್ಚಿ ಕಾರಣವನ್ನು ಹಾಗೆಯೇ ಪರೀಕ್ಷಿಸಿರಿ. ಎರಡರಲ್ಲಿ ಒಂದು ತಪ್ಪಾಗಿದ್ದರೆ ಸಂಬಂಧವನ್ನು ಹುಡುಕುವ ಅಗತ್ಯವೇ ಇಲ್ಲ. ಇಲ್ಲಿ ಎಡವುವುದು ಹೆಚ್ಚಾಗಿ ಒಂದೊಂದು ಅಕ್ಷರದಿಂದ. ‘ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು’ ಎಂಬುದು ಸರಿ; ‘ನೀರೇ ಸಾಕು’ ಎಂಬುದು ತಪ್ಪು, ಏಕೆಂದರೆ ಆಮ್ಲಜನಕವೂ ಬೇಕು. ‘ಸೊಳ್ಳೆಗಳಲ್ಲಿ ಗಂಡೂ ಹೆಣ್ಣೂ ರಕ್ತ ಹೀರುತ್ತವೆ’ ಎಂಬ ಹೇಳಿಕೆಗೆ ‘ಮೊಟ್ಟೆಗಳ ಬೆಳವಣಿಗೆಗೆ ರಕ್ತದಲ್ಲಿರುವ ಪ್ರೋಟೀನ್ ನೆರವಾಗುತ್ತದೆ’ ಎಂಬ ಕಾರಣ ಕೊಟ್ಟಿದ್ದರೆ, ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ ಆದ್ದರಿಂದ ಉತ್ತರ ‘ಡಿ’. ‘ಎಲ್ಲಾ’, ‘ಮಾತ್ರ’, ‘ಯಾವಾಗಲೂ’ ಎಂಬ ಪದಗಳು ಕಂಡಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ.

ನಿಜವಾದ ತೊಡಕು ಇರುವುದು ‘ಎ’ ಮತ್ತು ‘ಬಿ’ಗಳ ನಡುವೆ.

[ದೃಶ್ಯ: ತೆಂಗಿನಕಾಯಿಯನ್ನು ನೀರಿಗೆ ಬಿಡುವುದು. ಅದು ಒಮ್ಮೆ ಒಳಗೆ ಹೋಗಿ, ಮೇಲೆದ್ದು, ಪಕ್ಕಕ್ಕೆ ಹೊರಳಿ ನಿಲ್ಲುತ್ತದೆ.]

ಹೇಳಿಕೆ: ತೆಂಗಿನಕಾಯಿಯು ನೀರಿನ ಮೂಲಕ ಪ್ರಸಾರವಾಗುತ್ತದೆ. ಕಾರಣ: ತೆಂಗಿನಕಾಯಿಯ ಒಳಗೆ ನೀರು ಇರುತ್ತದೆ. ಎರಡೂ ಸರಿ. ಎರಡರ ನಡುವೆ ‘ಏಕೆಂದರೆ’ ಸೇರಿಸಿ ಓದಿ ನೋಡಬೇಕೆಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ನನಗೆ ಈ ಉಪಾಯದಲ್ಲಿ ಪೂರ್ತಿ ನಂಬಿಕೆಯಿಲ್ಲ. ‘ನೀರಿನ ಮೂಲಕ ಪ್ರಸಾರವಾಗುತ್ತದೆ, ಏಕೆಂದರೆ ಒಳಗೆ ನೀರು ಇರುತ್ತದೆ’ ಎಂದು ಓದಿದರೆ, ನೀರು ಎಂಬ ಪದ ಎರಡೂ ಕಡೆ ಇರುವುದರಿಂದ ಕಿವಿಗೆ ಒಪ್ಪಿಗೆಯಾಗಿಬಿಡುತ್ತದೆ. ನಾವು ದಿನನಿತ್ಯ ಮಾತನಾಡುವಾಗ ಕಾರಣವನ್ನೇ ಮೊದಲು ಹೇಳುತ್ತೇವೆ: ಮಳೆ ಬಂತು, ಆದ್ದರಿಂದ ಅಂಗಳದ ಅಡಿಕೆಯನ್ನು ಒಳಗೆ ತಂದೆವು. ಪ್ರಶ್ನೆಯನ್ನೂ ಹಾಗೆಯೇ ತಿರುಗಿಸಿರಿ. ‘ತೆಂಗಿನಕಾಯಿಯ ಒಳಗೆ ನೀರು ಇರುತ್ತದೆ, ಆದ್ದರಿಂದ ಅದು ನೀರಿನ ಮೂಲಕ ಪ್ರಸಾರವಾಗುತ್ತದೆ.’ ಈಗ ಮಾತು ನಡುವೆ ಕಡಿದುಹೋಗುತ್ತದೆ. ಉತ್ತರ ‘ಬಿ’.

ಹೇಳಿಕೆಯನ್ನು ಹಾಗೆಯೇ ಇಟ್ಟು ಕಾರಣವನ್ನು ಬದಲಿಸೋಣ. ‘ತೆಂಗಿನ ಸಿಪ್ಪೆಯ ನಾರುಗಳ ನಡುವೆ ಗಾಳಿ ತುಂಬಿರುತ್ತದೆ, ಆದ್ದರಿಂದ…’ ಎಂದು ಆರಂಭಿಸಿ, ‘ಹೇಗೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಗಾಳಿ ಇರುವುದರಿಂದ ಇಡೀ ಕಾಯಿಯ ಸಾಂದ್ರತೆ ನೀರಿಗಿಂತ ಕಡಿಮೆಯಾಗುತ್ತದೆ, ಅದು ತೇಲುತ್ತದೆ, ತೇಲುವುದನ್ನು ಹೊಳೆಯೂ ಕಡಲೂ ದೂರಕ್ಕೆ ಒಯ್ಯುತ್ತವೆ. ಮೆಟ್ಟಿಲುಗಳೆಲ್ಲ ಸಿಕ್ಕಿದವು, ಉತ್ತರ ‘ಎ’. ಅದೇ ಕಾರಣದ ಜಾಗದಲ್ಲಿ ‘ತೆಂಗಿನಕಾಯಿಯ ಸಾಂದ್ರತೆ ನೀರಿಗಿಂತ ಹೆಚ್ಚು’ ಎಂದು ಬರೆದಿದ್ದರೆ ಕಾರಣವೇ ತಪ್ಪು, ಉತ್ತರ ‘ಸಿ’. ಅಕ್ಕನ ಮಗಳು ಒಂದೇ ಕಾಯಿಯಿಂದ ಮೂರು ಪ್ರಶ್ನೆ ಹುಟ್ಟಿದ್ದನ್ನು ಕಂಡು, ತಾನಾಗಿಯೇ ನಾಲ್ಕನೆಯದನ್ನು ರಚಿಸಲು ಕುಳಿತಳು. ಪ್ರಶ್ನೆಗೆ ಉತ್ತರಿಸುವುದಕ್ಕಿಂತ ಪ್ರಶ್ನೆಯನ್ನು ಕಟ್ಟುವುದರಿಂದಲೇ ಈ ವಿಷಯ ಬೇಗ ಹಿಡಿತಕ್ಕೆ ಬರುತ್ತದೆಂದು ನನ್ನ ಅನುಭವ.

[ದೃಶ್ಯ: ಬೇಕಲದ ಕಡಲತೀರ, ಮಧ್ಯಾಹ್ನ.]

ಇನ್ನೊಂದು ಬಗೆಯ ಮೋಸವಿದೆ. ಹೇಳಿಕೆ: ಹಗಲಿನಲ್ಲಿ ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸುತ್ತದೆ. ಕಾರಣ: ರಾತ್ರಿಯಲ್ಲಿ ನೆಲದಿಂದ ಕಡಲಿನ ಕಡೆಗೆ ಗಾಳಿ ಬೀಸುತ್ತದೆ. ಪಾಠದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ ಮಕ್ಕಳು ಕಣ್ಣುಮುಚ್ಚಿ ‘ಎ’ ಎನ್ನುತ್ತಾರೆ. ಇವು ಒಂದೇ ತಾಯಿಯ ಎರಡು ಮಕ್ಕಳು. ಒಂದು ಇನ್ನೊಂದನ್ನು ಹೆತ್ತದ್ದಲ್ಲ. ನೆಲವು ನೀರಿಗಿಂತ ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ ಎಂಬುದೇ ಎರಡಕ್ಕೂ ಮೂಲ. ಹಗಲಿನಲ್ಲಿ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ಬರುತ್ತದೆ. ಕಾರಣದ ಸಾಲಿನಲ್ಲಿ ಆ ಮೂಲವನ್ನು ಬರೆದಿದ್ದರೆ ಮಾತ್ರ ಉತ್ತರ ‘ಎ’ ಆಗುತ್ತಿತ್ತು.

[ದೃಶ್ಯ: ಗುಡ್ಡದ ಬದಿಯಲ್ಲಿ ಒಂದು ಸುರಂಗದ ಬಾಯಿ. ತೆಳ್ಳಗೆ ಹರಿದು ಬರುವ ನೀರು.]

ಕೊನೆಯದಾಗಿ ನಮ್ಮ ಊರಿನದೇ ಒಂದು ಪ್ರಶ್ನೆ. ಹೇಳಿಕೆ: ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಪಂಪ್ ಇಲ್ಲದೆಯೇ ನೀರು ಹೊರಗೆ ಹರಿದು ಬರುತ್ತದೆ. ಕಾರಣ: ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲಿನಲ್ಲಿ) ರಂಧ್ರಗಳಿರುವುದರಿಂದ ಮಳೆನೀರು ಅದರೊಳಗೆ ಇಂಗುತ್ತದೆ. ವಿಡಿಯೋವನ್ನು ಇಲ್ಲಿ ನಿಲ್ಲಿಸಿ, ಉತ್ತರವನ್ನು ಬರೆದುಕೊಳ್ಳಿರಿ.

[ಹತ್ತು ಸೆಕೆಂಡು ಮೌನ. ನೀರಿನ ಸದ್ದು ಮಾತ್ರ.]

ಎರಡೂ ಸರಿ. ಆದರೆ ಗುಡ್ಡದೊಳಗೆ ನೀರು ಎಲ್ಲಿಂದ ಬಂತು ಎಂಬುದನ್ನು ಈ ಕಾರಣ ಹೇಳುತ್ತದೆ. ಪಂಪ್ ಇಲ್ಲದೆ ಅದು ಹೊರಗೆ ಹರಿಯುವುದೇಕೆ ಎಂಬುದನ್ನು ಹೇಳುವುದಿಲ್ಲ. ಬಾವಿಯ ಸುತ್ತಲೂ ಅದೇ ಮುರಕಲ್ಲು ಇದ್ದರೂ ಅಲ್ಲಿ ನೀರನ್ನು ಸೇದಿಯೇ ತೆಗೆಯಬೇಕಾಗುತ್ತದೆ. ಆದ್ದರಿಂದ ಉತ್ತರ ‘ಬಿ’. ಕಾರಣದ ಸಾಲನ್ನು ‘ಸುರಂಗವನ್ನು ಬಾಯಿಯ ಕಡೆಗೆ ತುಸು ಇಳಿಜಾರಾಗಿ ಕೊರೆದಿರುವುದರಿಂದ ಗುರುತ್ವಾಕರ್ಷಣೆಯೇ ನೀರನ್ನು ಹೊರಗೆ ತರುತ್ತದೆ’ ಎಂದು ತಿದ್ದಿದರೆ, ಅದೇ ಹೇಳಿಕೆಗೆ ಉತ್ತರ ‘ಎ’.