ಇಟಲಿಯ ಕೌಬಾಯ್ ಚಿತ್ರಗಳು: ನೀವು ನೋಡಿದ್ದು ಯಾವ ಪ್ರತಿ?

ಕೇಳುಗರಿಗೆ ನಮಸ್ಕಾರ.

ಇಟಲಿಯವರು ತೆಗೆದ ಕೌಬಾಯ್ ಚಿತ್ರಗಳಲ್ಲಿ ಯಾವುದು ಮೇಲು ಎಂದು ಇಬ್ಬರು ವಾದಕ್ಕೆ ಕೂತರು ಅನ್ನಿ. ಎಷ್ಟೋ ಸಲ ಅವರು ನೋಡಿರುವ ಚಿತ್ರವೇ ಬೇರೆ ಬೇರೆ ಆಗಿರುತ್ತದೆ. ಹೆಸರೇನೋ ಒಂದೇ. ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರವನ್ನೇ ತಗೊಳ್ಳಿ. 1968ರದು. ಇಟಲಿಯಲ್ಲಿ ಸುಮಾರು 175 ನಿಮಿಷ ಓಡಿತು. ಅಮೆರಿಕದಲ್ಲಿ ವಿತರಕರು ಕತ್ತರಿ ಆಡಿಸಿ 145 ನಿಮಿಷಕ್ಕೆ ಇಳಿಸಿದರು. ಆಮೇಲೆ 165 ನಿಮಿಷದ ಪ್ರತಿ ಬಂತು. 145 ನಿಮಿಷದ ಆ ಗಿಡ್ಡ ಪ್ರತಿಯಲ್ಲಿ, ಜೇಸನ್ ರೋಬಾರ್ಡ್ಸ್ ಮಾಡಿದ ಷೈಯನ್ ಎಂಬ ಪಾತ್ರ ಸಾಯುವ ದೃಶ್ಯವೇ ಇಲ್ಲ. ಅದನ್ನು ನೋಡಿದವರು ‘ಜೇಸನ್ ರೋಬಾರ್ಡ್ಸ್ ಪಾತ್ರವನ್ನು ನಡುದಾರಿಯಲ್ಲಿ ಕೈಬಿಟ್ಟಿದ್ದಾರೆ’ ಎಂದು ಲಿಯೋನೆಯನ್ನು ಬೈಯುತ್ತಾರೆ. ಬೈಗುಳ ಸರಿಯೇ, ಆದರೆ ಅದು ಸೇರಬೇಕಾದ್ದು ವಿತರಕರಿಗೆ.

ಹಾಗಾಗಿ ಈ ಚಿತ್ರಗಳ ವಿಷಯದಲ್ಲಿ ಸಂಗ್ರಹ ಒಂದು ಕೆಲಸ, ವಾದ ಇನ್ನೊಂದು ಕೆಲಸ ಅಂತ ಬೇರೆ ಮಾಡಲು ಬರುವುದಿಲ್ಲ. ಕೈಯಲ್ಲಿರುವ ಪ್ರತಿ ಯಾವುದು ಎಂದು ಹೇಳದೆ ಕೊಟ್ಟ ತೀರ್ಪಿಗೆ ಬೆಲೆ ಇಲ್ಲ.

ಮೊದಲು ಬೇಲಿ ಹಾಕಿಕೊಳ್ಳೋಣ. ನಮ್ಮಲ್ಲಿ ಕುದುರೆ, ಟೋಪಿ, ಪಿಸ್ತೂಲು ಎಂದ ಕೂಡಲೇ ‘ಮೆಕೆನ್ನಾಸ್ ಗೋಲ್ಡ್’ ಎನ್ನುತ್ತಾರೆ. ಅದು ಹಾಲಿವುಡ್ಡಿನದು. ಕ್ಲಿಂಟ್ ಈಸ್ಟ್‌ವುಡ್ ಇದ್ದಾರೆಂದು ‘ಹ್ಯಾಂಗ್ ಎಮ್ ಹೈ’ ಚಿತ್ರವನ್ನು ಪಟ್ಟಿಗೆ ಸೇರಿಸುವವರೂ ಇದ್ದಾರೆ, ಅದೂ ಅಮೆರಿಕದ್ದೇ. ನಿರ್ದೇಶಕ ಇಟಲಿಯವರು, ಮುಖ್ಯ ನಿರ್ಮಾಣ ಸಂಸ್ಥೆ ಇಟಲಿಯದು, ಇಷ್ಟಿದ್ದರೆ ಒಳಗೆ. ಸ್ಪೇನ್, ಪಶ್ಚಿಮ ಜರ್ಮನಿಯವರ ಪಾಲು ಇದ್ದರೆ ತಕರಾರು ಬೇಡ. 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಚಿತ್ರವೇ ಮೂರು ದೇಶಗಳ ಜಂಟಿ ನಿರ್ಮಾಣ, ಅದನ್ನು ಹೊರಗಿಟ್ಟರೆ ಮಾತಾಡಲು ಏನೂ ಉಳಿಯುವುದಿಲ್ಲ. ಅದರ ಕಥೆ ಕುರೊಸಾವಾ ಅವರ ‘ಯೋಜಿಂಬೊ’ದಿಂದ ಎತ್ತಿದ್ದು. ಜಪಾನಿನ ತೋಹೊ ಸಂಸ್ಥೆ ದಾವೆ ಹೂಡಿ, ಕೊನೆಗೆ ಪ್ರಪಂಚದ ಗಳಿಕೆಯಲ್ಲಿ ಶೇಕಡಾ 15 ಪಾಲು ಪಡೆಯಿತು. ಅಮೆರಿಕದ ತೆರೆಗೆ ಬಂದದ್ದು 1967ರಲ್ಲಿ. ಇದೇ ಚಿತ್ರಕ್ಕೆ ಅಮೆರಿಕದ ಟೀವಿಯವರು 1970ರ ದಶಕದಲ್ಲಿ ಒಂದು ಪೀಠಿಕೆ ಅಂಟಿಸಿದರು. ನಾಯಕ ಕಾರಣವಿಲ್ಲದೆ ಕೊಲ್ಲುತ್ತಾನಲ್ಲ ಎಂದು, ಜೈಲಿನ ಅಧಿಕಾರಿಯೊಬ್ಬ ಅವನಿಗೆ ಸರ್ಕಾರಿ ಕೆಲಸ ವಹಿಸುವ ದೃಶ್ಯ. ಅದರಲ್ಲಿ ಈಸ್ಟ್‌ವುಡ್ ಇಲ್ಲ, ಬೆನ್ನು ತೋರಿಸುವ ಬೇರೆ ನಟ ಇದ್ದಾನೆ. ನಿಮ್ಮ ಪ್ರತಿ ಹೀಗೆ ಶುರುವಾದರೆ ಅದು ಟೀವಿ ಪ್ರತಿ ಎಂದು ತಿಳಿಯಿರಿ.

ಇನ್ನು ಪ್ರತಿಯನ್ನು ಪರೀಕ್ಷಿಸುವ ಬಗೆ. ಮೊದಲು ಅವಧಿ. ಇಲ್ಲೊಂದು ಲೆಕ್ಕ ತಿಳಿದಿರಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ಯೂರೋಪಿನ ಪಾಲ್ ಎಂಬ ಟೀವಿ ಪದ್ಧತಿಯ ಡಿವಿಡಿ ಓಡುವುದು 25. ಎಂದರೆ ಇಡೀ ಚಿತ್ರ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. 175 ನಿಮಿಷದ ಚಿತ್ರ ಪಾಲ್ ಡಿವಿಡಿಯಲ್ಲಿ 168 ನಿಮಿಷ. ಒಂದು ದೃಶ್ಯವೂ ಕಡಿಮೆ ಆಗಿರುವುದಿಲ್ಲ, ಆದರೂ ‘ಏಳು ನಿಮಿಷ ಕತ್ತರಿಸಿದ್ದಾರೆ’ ಎಂದು ಜಗಳ ಎದ್ದಿರುತ್ತದೆ. ಹಿಂಬದಿಯಲ್ಲಿ ಅಚ್ಚಾದ ನಿಮಿಷವನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿ, ಆಮೇಲೆ ಮಾತಾಡಿ. ಈ ವೇಗದಿಂದ ಶ್ರುತಿಯೂ ಮುಕ್ಕಾಲು ಅರ್ಧಸ್ವರದಷ್ಟು ಏರುತ್ತದೆ. ಲಿಯೋನೆ ಚಿತ್ರಗಳ ಸಂಗೀತಗಾರ ಎನ್ನಿಯೊ ಮೊರಿಕೋನೆ ಅವರ ಸಂಗೀತವನ್ನು ರೆಕಾರ್ಡಿನಲ್ಲಿ ಕೇಳಿ ಪಳಗಿದ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ.

ಎರಡನೆಯದು ಚಿತ್ರದ ಅಗಲ ಮತ್ತು ಕಣ, ಎಂದರೆ ಫಿಲ್ಮಿನಲ್ಲಿ ಸಣ್ಣ ಮರಳಿನಂತೆ ಕಾಣುವ ಚುಕ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಚಿತ್ರಗಳ ಚಹರೆಯೇ ಇದರಿಂದ ಬಂದದ್ದು. ಇಟಲಿಯ ಟೆಕ್ನಿಕಲರ್ ಸಂಸ್ಥೆ 1960ರ ಹೊತ್ತಿಗೆ ಟೆಕ್ನಿಸ್ಕೋಪ್ ಎಂಬ ಪದ್ಧತಿ ತಂದಿತು. ಮಾಮೂಲಿಯಾಗಿ ಒಂದು ಚೌಕಟ್ಟು ಫಿಲ್ಮಿನ ಅಂಚಿನ ನಾಲ್ಕು ತೂತುಗಳಷ್ಟು ಎತ್ತರ ಇರುತ್ತದೆ. ಟೆಕ್ನಿಸ್ಕೋಪಿನಲ್ಲಿ ಎರಡೇ ತೂತು. ನೆಗೆಟಿವ್ ಖರ್ಚು ಅರ್ಧಕ್ಕೆ ಇಳಿಯಿತು. 1000 ಅಡಿಯ ರೀಲು 11 ನಿಮಿಷಕ್ಕೆ ಮುಗಿಯುವ ಬದಲು 22 ನಿಮಿಷ ಬಂತು. ಮೇಲಾಗಿ ಸಿನಿಮಾಸ್ಕೋಪಿನ ವಿಶೇಷ ಲೆನ್ಸ್ ಬೇಡ, ಸಾದಾ ಲೆನ್ಸೇ ಸಾಕು. ಚೌಕಟ್ಟು ಚಿಕ್ಕದಾದ್ದರಿಂದ ಕಡಿಮೆ ನಾಭಿದೂರದ ಲೆನ್ಸಿನಲ್ಲೇ ಅಗಲ ಸಿಗುತ್ತಿತ್ತು, ಹಾಗಾಗಿ ಹತ್ತಿರದ ಮುಖವೂ ದೂರದ ಬೆಟ್ಟವೂ ಒಟ್ಟಿಗೆ ಸ್ಫುಟವಾಗಿ ಮೂಡುತ್ತಿದ್ದವು. ಲಿಯೋನೆ ಚಿತ್ರಗಳಲ್ಲಿ ಕಣ್ಣಿನ ಸುಕ್ಕು, ಹಿಂದೆ ನಿಂತ ಎದುರಾಳಿ ಎರಡೂ ಸ್ಪಷ್ಟವಾಗಿ ಕಾಣುವುದರಲ್ಲಿ ನಿರ್ದೇಶಕರ ಜಾಣತನದ ಜೊತೆಗೆ ಈ ಅಗ್ಗದ ಪದ್ಧತಿಯ ಪಾಲೂ ಇದೆ.

ಬೆಲೆ ತೆತ್ತದ್ದು ಕಣದಲ್ಲಿ. ಅರ್ಧ ಗಾತ್ರದ ನೆಗೆಟಿವನ್ನು ಹಿಗ್ಗಿಸಿದಾಗ ಕಣ ದಪ್ಪವಾಗುತ್ತದೆ. ಆಗಿನ ಟೆಕ್ನಿಕಲರ್ ಬಣ್ಣದ ಅಚ್ಚಿನಲ್ಲಿ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. 1970ರ ದಶಕದಲ್ಲಿ ಆ ಅಚ್ಚಿನ ವಿಧಾನ ನಿಂತುಹೋಗಿ, ನೆಗೆಟಿವಿನಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ತೆಗೆದ ಪ್ರತಿಗಳು ಮಬ್ಬಾದವು. ಡಿಸ್ಕ್ ತಯಾರಿಸುವ ಕೆಲವರು ಕಣ ಕಂಡರೆ ಹೆದರಿ ಕಂಪ್ಯೂಟರಿನಲ್ಲಿ ಉಜ್ಜಿಬಿಡುತ್ತಾರೆ. ಆಗ ನಟ ಲೀ ವ್ಯಾನ್ ಕ್ಲೀಫ್ ಮುಖ ಮೇಣದ ಬೊಂಬೆಯಂತೆ ನುಣುಪಾಗುತ್ತದೆ. ಪರೀಕ್ಷೆ ಸುಲಭ: ಗಡ್ಡದ ಕೂದಲು ಒಂದೊಂದಾಗಿ ಕಾಣಬೇಕು, ಆಕಾಶದಲ್ಲಿ ಕಣ ಅಲುಗಾಡುತ್ತಿರಬೇಕು. ಎರಡೂ ಇಲ್ಲದಿದ್ದರೆ ಆ ಡಿಸ್ಕ್ ಬೇಡ.

ಎಲ್ಲವೂ ಟೆಕ್ನಿಸ್ಕೋಪ್ ಅಲ್ಲ. ಸರ್ಜಿಯೊ ಕೊರ್ಬುಚ್ಚಿ ಅವರ ‘ಜಾಂಗೋ’, ‘ದಿ ಗ್ರೇಟ್ ಸೈಲೆನ್ಸ್’ ಎರಡೂ 1.66 ಅನುಪಾತದವು, ಎಂದರೆ ಅಗಲ ಎತ್ತರದ 1.66 ಪಟ್ಟು. ಈಗಿನ ಟೀವಿಯಲ್ಲಿ ಎಡಬಲಗಳಲ್ಲಿ ತೆಳು ಕಪ್ಪು ಪಟ್ಟಿ ಬಂದರೇನೇ ಸರಿ. ಪರದೆ ತುಂಬಿತೆಂದರೆ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಇಲ್ಲವೇ ಎಳೆದು ಹಿಗ್ಗಿಸಿದ್ದಾರೆ.

ಮೂರನೆಯದು ಧ್ವನಿ. ‘ನಾನು ಮೂಲ ಭಾಷೆಯಲ್ಲೇ ನೋಡುವವನು’ ಎಂಬ ಜಂಬ ಇಲ್ಲಿ ನಡೆಯುವುದಿಲ್ಲ. ಚಿತ್ರೀಕರಣದಲ್ಲಿ ಒಬ್ಬ ನಟ ಇಂಗ್ಲಿಷ್, ಇನ್ನೊಬ್ಬ ಇಟಾಲಿಯನ್, ಮೂರನೆಯವ ಸ್ಪ್ಯಾನಿಷ್ ಮಾತಾಡುತ್ತಿದ್ದರು. ಮಾತೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಇಟಾಲಿಯನ್ ಪ್ರತಿಯಲ್ಲಿ ಈಸ್ಟ್‌ವುಡ್‌ಗೆ ಎನ್ರಿಕೊ ಮರಿಯಾ ಸಲೆರ್ನೊ ಅವರ ಧ್ವನಿ. ‘ಜಾಂಗೋ’ದಲ್ಲಂತೂ ಇಟಾಲಿಯನ್ ಕೇಳಿದರೂ ಇಂಗ್ಲಿಷ್ ಕೇಳಿದರೂ ನಾಯಕ ಫ್ರಾಂಕೊ ನೀರೊ ಅವರ ಸ್ವಂತ ದನಿ ಸಿಗುವುದಿಲ್ಲ. ನಿಯಮ ಬೇಕೆಂದರೆ ಇಷ್ಟು: ಮುಖ್ಯ ನಟ ತನ್ನ ದನಿಯಲ್ಲೇ ಮಾತಾಡಿದ ಭಾಷೆಯನ್ನು ಆರಿಸಿಕೊಳ್ಳಿ. ಲಿಯೋನೆ ಚಿತ್ರಗಳಿಗೆ ಇಂಗ್ಲಿಷ್. ಯಾವ ಭಾಷೆಯಲ್ಲೂ ಸ್ವಂತ ದನಿ ಸಿಗದ ‘ಜಾಂಗೋ’ಗೆ ಇಟಾಲಿಯನ್, ಏಕೆಂದರೆ ಅದರ ಇಂಗ್ಲಿಷ್ ಮಾತುಗಳು ಒರಟು.

ಕತ್ತರಿಸಿದ ದೃಶ್ಯ ಮರಳಿ ಬಂದಾಗ ಇನ್ನೊಂದು ತೊಡಕು. ಇಂಗ್ಲಿಷ್ ಡಬ್ಬಿಂಗಿಗೆ ಮೊದಲೇ ಕತ್ತರಿಸಿದ ದೃಶ್ಯಕ್ಕೆ ಇಂಗ್ಲಿಷ್ ಮಾತೇ ಇರುವುದಿಲ್ಲ, ನಡುವೆ ಇದ್ದಕ್ಕಿದ್ದಂತೆ ಇಟಾಲಿಯನ್ ಶುರುವಾಗುತ್ತದೆ. ಅದು ಡಿಸ್ಕಿನ ದೋಷವಲ್ಲ, ವಾಪಸು ಕಳಿಸಬೇಡಿ. 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರಕ್ಕೆ 2003ರಲ್ಲಿ ಬೇರೆ ದಾರಿ ಹಿಡಿದರು. ಮರಳಿಸಿದ ದೃಶ್ಯಗಳಿಗೆ ಈಸ್ಟ್‌ವುಡ್, ಈಲೈ ವಾಲಕ್ ಅವರನ್ನೇ ಕರೆಸಿ ಮಾತಾಡಿಸಿದರು. ವಾಲಕ್ ಅವರಿಗೆ ಆಗ ವಯಸ್ಸು 87ರ ಆಸುಪಾಸು. ತೆರೆಯ ಮೇಲೆ ಐವತ್ತರ ಗಟ್ಟಿ ಆಳು, ಕೇಳುವುದು ಮುದುಕನ ಕಂಠ. ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರಿಗೆ ಬೇರೆಯವರ ದನಿ. ಜೊತೆಗೆ ವಾಲಕ್ ಅವರ ಪಾತ್ರ ಟೂಕೊ ಗವಿಯಲ್ಲಿ ಹಳೆಯ ಸಂಗಾತಿಗಳನ್ನು ಕೂಡಿಸುವ ದೃಶ್ಯವನ್ನೂ ಸೇರಿಸಿದರು, ಅದನ್ನು ಲಿಯೋನೆ ಅವರೇ ಮೊದಲ ಪ್ರದರ್ಶನದ ನಂತರ ತೆಗೆದುಹಾಕಿದ್ದರು. ಆದ್ದರಿಂದ ಈ ಚಿತ್ರದ ಮಟ್ಟಿಗೆ ಉದ್ದದ ಪ್ರತಿ ಮೇಲಲ್ಲ, 161 ನಿಮಿಷದ ಹಳೆಯದೇ ಬಿಗಿ. 2014ರ ಸುಮಾರಿನ ಹೊಸ ಪ್ರತಿಯಲ್ಲಿ ಆಕಾಶಕ್ಕೆಲ್ಲ ಅರಿಶಿನ ಬಳಿದಂತಿತ್ತು, 2017ರ ಅಮೆರಿಕದ ಬ್ಲೂ-ರೇಯಲ್ಲಿ ಅದನ್ನು ಬಹುಮಟ್ಟಿಗೆ ತಿದ್ದಿದ್ದಾರೆ. 1971ರ ‘ಡಕ್, ಯೂ ಸಕ್ಕರ್’ ಇದಕ್ಕೆ ತದ್ವಿರುದ್ಧ. ಅಮೆರಿಕದ 121 ನಿಮಿಷದ ಪ್ರತಿ ತಲೆಬುಡವಿಲ್ಲದ್ದು, 157 ನಿಮಿಷದ್ದನ್ನೇ ನೋಡಬೇಕು.

ಸರಿ, ವಾದಕ್ಕೆ ಬರೋಣ. ಲಿಯೋನೆ ಅವರನ್ನು ಸೇರಿಸಿ ಹತ್ತರ ಪಟ್ಟಿ ಮಾಡಿದರೆ ಮೊದಲ ನಾಲ್ಕು ಜಾಗ ಮಾತಿಲ್ಲದೆ ತುಂಬಿಹೋಗುತ್ತದೆ. ಅವರದನ್ನು ಬೇರೆ ಇಡಿ. ಅವುಗಳೊಳಗೆ ‘ವೆಸ್ಟ್’ ಮೊದಲು, ‘ಗುಡ್, ಬ್ಯಾಡ್’ ಆಮೇಲೆ. ಎರಡನೆಯದರ ಸ್ಮಶಾನದ ದ್ವಂದ್ವ ಎಷ್ಟೇ ದೊಡ್ಡದಾದರೂ, ನಡುವಿನ ಯುದ್ಧಭಾಗದಲ್ಲಿ ಕಥೆ ಕಾಲೆಳೆಯುತ್ತದೆ. ‘ವೆಸ್ಟ್’ನಲ್ಲಿ ಮೊರಿಕೋನೆ ಸಂಗೀತ ಮೊದಲೇ ಸಿದ್ಧವಾಗಿತ್ತು, ಚಿತ್ರೀಕರಣದ ಜಾಗದಲ್ಲೇ ಅದನ್ನು ನುಡಿಸುತ್ತಿದ್ದರು. ಕ್ಲಾಡಿಯಾ ಕಾರ್ಡಿನಾಲೆ ನಿಲ್ದಾಣದಿಂದ ಹೊರಬರುವಾಗ ಕ್ಯಾಮೆರಾ ಛಾವಣಿಯ ಮೇಲೇರುವುದು ಗಾಯಕಿ ಎಡ್ಡಾ ದೆಲ್ಲೊರ್ಸೊ ಅವರ ದನಿಯ ಏರಿಕೆಗೆ ಸರಿಯಾಗಿ ಕೂಡುವುದು ಹೀಗೆ.

ನಮ್ಮ ಕಡೆಗೊಂದು ಎಳೆ ಇರುವುದೂ ಈ ಚಿತ್ರದಿಂದಲೇ. ರಾಮನಗರದ ಬಂಡೆಗಳ ನಡುವೆ ಊರು ಕಟ್ಟಿ ತೆಗೆದ ‘ಶೋಲೆ’ಯಲ್ಲಿ ಠಾಕೂರನ ಕುಟುಂಬದ ಕೊಲೆ ಬರುತ್ತದಲ್ಲ, ಅದನ್ನು ‘ವೆಸ್ಟ್’ನ ಮೆಕ್‌ಬೇನ್ ಕುಟುಂಬದ ಕೊಲೆಯ ಪಕ್ಕ ಇಟ್ಟು ನೋಡಿ. ಒಬ್ಬೊಬ್ಬರಾಗಿ ಬೀಳುವುದು, ಕೊನೆಗೆ ಖಳನ ಎದುರು ಮಗುವೊಂದೇ ಉಳಿಯುವುದು, ಸಾಲ ಎಲ್ಲಿಯದೆಂದು ಕೇಳಬೇಕಾಗಿಲ್ಲ.

ಲಿಯೋನೆ ಹೊರತಾದ ಪಟ್ಟಿಯಲ್ಲಿ ‘ದಿ ಗ್ರೇಟ್ ಸೈಲೆನ್ಸ್’ಗೆ ಮೊದಲ ಸ್ಥಾನ. 1968ರದು. ಮರಳಿನ ಬದಲು ಹಿಮ, ಉತ್ತರ ಇಟಲಿಯ ಕೊರ್ಟಿನಾ ಬಳಿ ತೆಗೆದದ್ದು. ರೋಮಿನ ಸೆಟ್ಟಿನಲ್ಲಿ ಹಿಮಕ್ಕೆ ಬಳಸಿದ್ದು ಶೇವಿಂಗ್ ನೊರೆ. ಜಾನ್-ಲೂಯಿ ತ್ರಿಂತಿನ್ಯಾಂ ಮಾತಿಲ್ಲದ ನಾಯಕ, ಕ್ಲಾಸ್ ಕಿನ್‌ಸ್ಕಿ ತಲೆಗೆ ಕಟ್ಟಿದ ಬೆಲೆಗಾಗಿ ಕೊಲ್ಲುವವ, ಕಾನೂನು ಪೂರ್ತಿ ಕಿನ್‌ಸ್ಕಿಯ ಪರ. ಅಂತ್ಯ ಹೇಳುವುದಿಲ್ಲ. ಆದರೆ ನಿರ್ಮಾಪಕರ ಒತ್ತಾಯಕ್ಕೆ ಸುಖಾಂತ್ಯವೊಂದನ್ನೂ ತೆಗೆದಿದ್ದರು, ಈಗಿನ ಡಿಸ್ಕುಗಳಲ್ಲಿ ಅದು ಹೆಚ್ಚುವರಿಯಾಗಿ ಸಿಗುತ್ತದೆ. ಅದನ್ನು ಮೊದಲು ನೋಡಬೇಡಿ.

ಎರಡನೆಯದು ಸರ್ಜಿಯೊ ಸೊಲ್ಲಿಮಾ ಅವರ ‘ದಿ ಬಿಗ್ ಗನ್‌ಡೌನ್’, 1966. ಇಟಲಿಯಲ್ಲಿ 110 ನಿಮಿಷ. ಹೊರಗೆ ಹೋದ ಪ್ರತಿ ಕಾಲು ಗಂಟೆಯಷ್ಟಾದರೂ ಮೊಟಕು. ಮೊಟಕಾದದ್ದನ್ನು ನೋಡಿದವರಿಗೆ ಇದು ಬರೀ ಬೆನ್ನಟ್ಟುವ ಕಥೆ. ಪೂರ್ತಿ ಪ್ರತಿಯಲ್ಲಿ ಬೆನ್ನಟ್ಟುವವನ ನಂಬಿಕೆ ಸ್ವಲ್ಪ ಸ್ವಲ್ಪವೇ ಸಡಿಲವಾಗುವುದು ಕಾಣುತ್ತದೆ. ಕಥೆಯಲ್ಲಿ ಚಿತ್ರಕಥೆಗಾರ ಫ್ರಾಂಕೊ ಸೊಲಿನಾಸ್ ಅವರ ಕೈ ಇದೆ. ಅದೇ ವರ್ಷ ಡಾಮಿಯಾನೊ ಡಾಮಿಯಾನಿ ಅವರ ‘ಎ ಬುಲೆಟ್ ಫಾರ್ ದಿ ಜನರಲ್’, ಅದೇ ವರ್ಷ ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ಚಿತ್ರ ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’, ಎಲ್ಲದರಲ್ಲೂ ಅವರೇ. ರಾಜಕೀಯವನ್ನು ಹೊರಗಿಟ್ಟು ಈ ಚಿತ್ರಗಳನ್ನು ಅಳೆಯುತ್ತೇನೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು.

‘ಜಾಂಗೋ’? ಶವಪೆಟ್ಟಿಗೆ, ಕೆಸರು, ಮೆಷಿನ್ ಗನ್, ಮರೆಯುವಂಥದ್ದಲ್ಲ. ಆದರೆ ಶವಪೆಟ್ಟಿಗೆ ತೆರೆದ ಮೇಲೆ ಚಿತ್ರಕ್ಕೆ ದಾರಿ ಕಾಣುವುದಿಲ್ಲ. ಐದರ ಹೊರಗೆ ಇಡುವುದು ನ್ಯಾಯ. ಅದರ ಹೆಸರು ಹೊತ್ತ ಚಿತ್ರಗಳು ಮೂವತ್ತಕ್ಕೂ ಹೆಚ್ಚು, ಜರ್ಮನಿಯಲ್ಲಂತೂ ಸಂಬಂಧವಿಲ್ಲದ ಚಿತ್ರಗಳಿಗೂ ಅದೇ ಹೆಸರು ಅಂಟಿಸಿ ಮಾರಿದರು. ಅಧಿಕೃತ ಮುಂದುವರಿಕೆ 1987ರದು ಒಂದೇ. ಹೆಸರು ನೋಡಿ ಕೊಂಡರೆ ಕೈ ಸುಡುತ್ತದೆ. ಮೂಲ ಇಟಾಲಿಯನ್ ಶೀರ್ಷಿಕೆ, ನಿರ್ದೇಶಕ, ವರ್ಷ, ಮೂರನ್ನೂ ತಾಳೆ ಹಾಕಿ ಬರೆದಿಟ್ಟುಕೊಂಡರೆ ಒಂದೇ ಚಿತ್ರವನ್ನು ಎರಡು ಹೆಸರಲ್ಲಿ ಕೊಳ್ಳುವುದು ತಪ್ಪುತ್ತದೆ.

ಕಡಿಮೆ ಮಾತಿನಲ್ಲಿ ಇನ್ನೊಂದು: 1967ರ ‘ಬಾಂದಿದೋಸ್’. ನಿರ್ದೇಶಕ ಮಸ್ಸಿಮೊ ದಲ್ಲಮಾನೊ, ಲಿಯೋನೆ ಅವರ ಮೊದಲೆರಡು ಡಾಲರ್ ಚಿತ್ರಗಳ ಛಾಯಾಗ್ರಾಹಕರು. ಮೊದಲಿಗೇ ರೈಲಿನ ಹತ್ಯಾಕಾಂಡದ ಉದ್ದಕ್ಕೂ ಕ್ಯಾಮೆರಾ ಸಾಗುವುದನ್ನು ನೋಡಿದರೆ ಸಾಕು. ಡಿಸ್ಕ್ ತರುವ ಆರೋ ಕಂಪನಿಯ ‘ವೆಂಜೆನ್ಸ್ ಟ್ರೇಲ್ಸ್’ ಎಂಬ ನಾಲ್ಕು ಚಿತ್ರಗಳ ಪೆಟ್ಟಿಗೆಯಲ್ಲಿ ಇದೆ.

ಕೊಳ್ಳುವವರು ವಲಯದ ಗುರುತು ನೋಡಲೇಬೇಕು, ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಿರಬಹುದು. ಬ್ಲೂ-ರೇಗೆ ಅಮೆರಿಕ ಎ, ಬ್ರಿಟನ್ ಮತ್ತು ಇಟಲಿ ಬಿ, ಭಾರತ ಸಿ. ಡಿವಿಡಿಗೆ ಭಾರತದ್ದು 5. 4ಕೆ ಡಿಸ್ಕಿಗೆ ವಲಯವಿಲ್ಲ, ಆದರೆ ಅದೇ ಪೆಟ್ಟಿಗೆಯ ಬ್ಲೂ-ರೇಗೆ ಬೀಗ ಇರಬಹುದು. ಹಳೆಯ ವಿಡಿಯೋ ಕ್ಯಾಸೆಟ್ ಇಟ್ಟಿರುವ ಮಲೆನಾಡು, ಕರಾವಳಿಯವರು ಮಳೆಗಾಲ ಕಳೆದ ಮೇಲೆ ಕಿಟಕಿಯೊಳಗೆ ಟೇಪಿನ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಅದು ಹೆಡ್ಡಿಗೆ ಹತ್ತಿ ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಡಿಸ್ಕುಗಳನ್ನು ನಿಲ್ಲಿಸಿ ಇಡಿ, ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಲೂ ಅಲ್ಲ.

ಪೋಸ್ಟರ್ ಮೋಹವಿರುವವರಿಗೆ ಎರಡು ಮಾತು. ಇಟಲಿಯ ದೊಡ್ಡ ಪೋಸ್ಟರ್ 100ಕ್ಕೆ 140 ಸೆಂಟಿಮೀಟರ್, ಗೋಡೆಯ ಉದ್ದನೆಯದು ಸುಮಾರು 33ಕ್ಕೆ 70. ಆ ಕಾಲದ ದೊಡ್ಡ ಪೋಸ್ಟರುಗಳನ್ನು ಮಡಿಸಿಯೇ ಹಂಚುತ್ತಿದ್ದರು. ಮಡಿಕೆಯೇ ಇಲ್ಲದ ಅಪ್ಪಟ ಹೊಸ ಹಾಳೆ ಸಿಕ್ಕರೆ ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಸಾಲಾಗಿ ಜೋಡಿಸಿದ ಚುಕ್ಕೆ ಕಂಡರೆ ಮುದ್ರಣಾಲಯದ್ದು, ಎರಚಿದಂತೆ ಹರಡಿದ ಚುಕ್ಕೆಯಾದರೆ ಈಚೆಗೆ ಪ್ರಿಂಟರಿನಲ್ಲಿ ತೆಗೆದದ್ದು. ಸಾಲು ಚುಕ್ಕೆ ಇದ್ದ ಮಾತ್ರಕ್ಕೆ ಮೊದಲ ಬಿಡುಗಡೆಯದು ಎಂದೂ ಅಲ್ಲ, ಮರುಬಿಡುಗಡೆಗೂ ಮುದ್ರಣಾಲಯದಲ್ಲೇ ಅಚ್ಚು ಹಾಕಿಸುತ್ತಿದ್ದರು. ಮಾರುವವರು ಯಾವ ವರ್ಷದ ಬಿಡುಗಡೆಯದು ಎಂದು ಬರೆದು ಕೊಡದಿದ್ದರೆ ಮೊದಲ ಬಿಡುಗಡೆಯ ಬೆಲೆ ತೆರಬೇಡಿ.

ನಮಸ್ಕಾರ.